ಎಲ್‌ಓಎಲ್‌ಗೆ ಏಕವಚನವೂ ಇಲ್ಲ, ಬಹುವಚನವೂ ಇಲ್ಲ

ಚಾಟ್‌ನಲ್ಲಿ ‘ಎಲ್‌ಓಎಲ್’ ಎಂದು ಒತ್ತುವವರಲ್ಲಿ ಹೆಚ್ಚಿನವರು ಆ ಹೊತ್ತಿನಲ್ಲಿ ನಗುತ್ತಿರುವುದಿಲ್ಲ. ಬಸ್ಸಿನಲ್ಲೋ ಮೀಟಿಂಗಿನಲ್ಲೋ ಕೂತು, ತುಟಿ ಕೂಡ ಅಲುಗಿಸದೆ ಕಳಿಸಿರುತ್ತಾರೆ. ಗಟ್ಟಿಯಾಗಿ ನಗುವುದು (ಲಾಫಿಂಗ್ ಔಟ್ ಲೌಡ್) ಎಂಬ ಅದರ ಮೂಲಾರ್ಥ ಸವೆದು ಎಷ್ಟೋ ವರ್ಷವಾಯಿತು. ‘ದುಡ್ಡು ಯಾವಾಗ ಕೊಡ್ತೀಯ ಎಲ್‌ಓಎಲ್’ ಎಂದು ಗೆಳೆಯ ಬರೆದರೆ ಅಲ್ಲಿ ತಮಾಷೆಯೇನೂ ಇಲ್ಲ. ದುಡ್ಡು ಬೇಕೇ ಬೇಕು, ಆದರೆ ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡ ಎಂಬ ಮಾತನ್ನು ಆ ಮೂರಕ್ಷರ ಹೇಳುತ್ತಿದೆ. ಓಎಂಜಿ (ಅಯ್ಯೋ ದೇವರೇ), ಐಡಿಕೆ (ಗೊತ್ತಿಲ್ಲ), ಟಿಬಿಎಚ್ (ನಿಜ ಹೇಳಬೇಕೆಂದರೆ), ಎಸ್‌ಎಂಎಚ್ (ತಲೆ ಅಲ್ಲಾಡಿಸುತ್ತಿದ್ದೇನೆ), ಎನ್‌ಜಿಎಲ್ (ಸುಳ್ಳು ಹೇಳುವುದಿಲ್ಲ) ಮುಂತಾದವುಗಳ ಕಥೆಯೂ ಸುಮಾರಾಗಿ ಇದೇ. ಭಾವನೆಯನ್ನು ವರ್ಣಿಸುವುದು ಇವುಗಳ ಕೆಲಸವಲ್ಲ. ಪಕ್ಕದಲ್ಲಿರುವ ವಾಕ್ಯವನ್ನು ಯಾವ ದನಿಯಲ್ಲಿ ಓದಿಕೊಳ್ಳಬೇಕು ಎಂದು ಸೂಚಿಸುವುದು ಇವುಗಳ ಕೆಲಸ.

ಕನ್ನಡದ ಮಟ್ಟಿಗೆ ಇಲ್ಲೊಂದು ಸೋಜಿಗವಿದೆ. ದನಿಯನ್ನು ಅಕ್ಷರದಲ್ಲೇ ಹಿಡಿದಿಡುವ ಸಲಕರಣೆ ನಮ್ಮ ಭಾಷೆಯಲ್ಲಿ ಬೇಕಾದಷ್ಟಿದೆ. ಆದರೂ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಹುಡುಗರ ಚಾಟ್ ತೆರೆದರೆ ಕನ್ನಡ ವಾಕ್ಯದ ಬಾಲಕ್ಕೆ ಇಂಗ್ಲಿಷ್ ಮೊದಲಕ್ಷರಗಳು ಅಂಟಿಕೊಂಡಿರುತ್ತವೆ. ಸೋಮಾರಿತನ, ಇಂಗ್ಲಿಷ್ ವ್ಯಾಮೋಹ ಎಂದು ಬೈದುಬಿಡುವುದು ಸುಲಭ. ಕಾರಣ ಬೇರೆಯೇ ಇದೆ, ಮತ್ತು ಇವುಗಳಿಂದ ಆಗುವ ಎಡವಟ್ಟುಗಳೂ ಅದೇ ಕಾರಣದಿಂದಲೇ ಹುಟ್ಟುತ್ತವೆ.

ಮೊದಲಕ್ಷರಗಳು ಬಂದ ದಾರಿ

ಭಾವನೆಗೆ ಸಂಕೇತ ಕಟ್ಟುವ ಅಭ್ಯಾಸ ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ಅಮೆರಿಕದ ವೆಸ್ಟರ್ನ್ ಯೂನಿಯನ್ ಕಂಪನಿಯ ತಂತಿ ನೌಕರರಿಗೆ 1859ರಲ್ಲೇ ಅಂಕಿ ಸಂಕೇತಗಳ ಪಟ್ಟಿಯಿತ್ತು. ಅದರಲ್ಲಿದ್ದ 73 ಎಂಬ ಅಂಕಿಯನ್ನು ಹ್ಯಾಮ್ ರೇಡಿಯೊ ಹವ್ಯಾಸಿಗಳು ಇಂದಿಗೂ ಶುಭ ಹಾರೈಕೆಗೆ ಬಳಸುತ್ತಾರೆ. 88 ಎಂದರೆ ಪ್ರೀತಿ, ಮುತ್ತು. ಮೆಸಾಚುಸೆಟ್ಸ್ ಕರಾವಳಿಯ ಮೈನಟ್ಸ್ ಲೆಡ್ಜ್ ದೀಪಸ್ತಂಭ 1894ರಿಂದ ಒಂದು, ನಾಲ್ಕು, ಮೂರು ಸಲ ಮಿನುಗುವ ಕ್ರಮ ಹಿಡಿಯಿತು. ‘ಐ ಲವ್ ಯು’ದಲ್ಲಿನ ಇಂಗ್ಲಿಷ್ ಅಕ್ಷರಗಳ ಲೆಕ್ಕವೂ ಅಷ್ಟೇ ಆದ್ದರಿಂದ ಜನ ಅದನ್ನು ಪ್ರೀತಿಯ ದೀಪ ಎಂದು ಕರೆದರು. ಅದೇ 143 ಪೇಜರ್ ಕಾಲ ದಾಟಿ ನಮ್ಮ ಕಾಲೇಜುಗಳ ಡೆಸ್ಕಿನ ಮೇಲೂ ಕಂಪಾಸ್ ಮೊನೆಯಿಂದ ಕೆತ್ತಿಸಿಕೊಂಡಿತು.

ಓಎಂಜಿ 1917ರ ಸೆಪ್ಟೆಂಬರಿನಷ್ಟು ಹಳೆಯದು. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಜಾನ್ ಫಿಷರ್ ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಕಾಗದದಲ್ಲಿ ಅದು ವಿಸ್ತೃತ ರೂಪದ ಸಮೇತ ಸಿಗುತ್ತದೆ. ಬರೆದವರಿಗೆ ಆಗ ವಯಸ್ಸು ಎಪ್ಪತ್ತಾರು. ಇದನ್ನು ಹದಿಹರೆಯದವರ ಭಾಷೆ ಎನ್ನುವವರಿಗೆ ಅಷ್ಟು ಸಾಕು. ಎಲ್‌ಓಎಲ್ ಮಾತ್ರ ನಿಜಕ್ಕೂ ಗಣಕಯಂತ್ರದ ಕೂಸು. ಮೋಡೆಮ್ ಮೂಲಕ ಹರಟುತ್ತಿದ್ದ ಬುಲೆಟಿನ್ ಬೋರ್ಡ್‌ಗಳ ಕಾಲದಲ್ಲಿ, 1989ರ ಮೇ ತಿಂಗಳ ಫಿಡೋನ್ಯೂಸ್ ಎಂಬ ವಿದ್ಯುನ್ಮಾನ ಪತ್ರಿಕೆಯ ಸಂಕ್ಷೇಪಗಳ ಪಟ್ಟಿಯಲ್ಲಿ ಅದು ಕಾಣಿಸಿಕೊಂಡಿತು. ಅದಕ್ಕೂ ಮೊದಲು, 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್, ತಮಾಷೆಯ ಮಾತಿಗೆ ಅಡ್ಡಬಿದ್ದ ನಗುಮುಖ ಹಾಕೋಣ ಎಂದು ಸಹೋದ್ಯೋಗಿಗಳಿಗೆ ಸಲಹೆ ಕೊಟ್ಟಿದ್ದರು. ತಮಾಷೆಗೆ ಬರೆದದ್ದನ್ನು ನಿಜವೆಂದು ನಂಬಿ ಜನ ಗಾಬರಿಯಾದದ್ದೇ ಆ ಸಲಹೆಗೆ ನೆಪ. ನಲವತ್ತು ವರ್ಷ ಕಳೆದರೂ ಸಮಸ್ಯೆ ಅದೇ.

ಆಮೇಲೆ ಎಸ್ಸೆಮ್ಮೆಸ್ ಬಂತು. ಕನ್ನಡಿಗರ ಚಾಟ್ ಅಭ್ಯಾಸಗಳು ರೂಪುಗೊಂಡದ್ದು ಆಗಲೇ, ಆದ್ದರಿಂದ ಇದರ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ಎಸ್ಸೆಮ್ಮೆಸ್ಸಿಗೆ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಅಕ್ಷರ ಹಿಡಿಸುತ್ತದೆ. ಮಧ್ಯದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸಂದೇಶ 16 ಬಿಟ್‌ನ ವ್ಯವಸ್ಥೆಗೆ ಹೊರಳುತ್ತದೆ, ಆಗ ಹಿಡಿಸುವುದು 70 ಮಾತ್ರ. ಅದೂ ಅಕ್ಷರವಲ್ಲ, ಸಂಕೇತ: ವ್ಯಂಜನಕ್ಕೊಂದು, ಗುಣಿತದ ಚಿಹ್ನೆಗೊಂದು, ಅನುಸ್ವಾರಕ್ಕೊಂದು. ‘ನನಗೆ ತುಂಬಾ ಬೇಸರವಾಗಿದೆ’ ಎಂಬುದನ್ನು ಎಣಿಸಿ: ನನಗೆ 4, ತುಂಬಾ 5, ಬೇಸರವಾಗಿದೆ 10, ನಡುವಿನ ಎರಡು ಖಾಲಿ ಜಾಗ ಸೇರಿ 21. ಅದನ್ನೇ ರೋಮನ್ ಲಿಪಿಯಲ್ಲಿ ಹೊಡೆದರೆ 25. ಕನ್ನಡದ್ದೇ ಚಿಕ್ಕದು! ಆದರೆ 70ರಲ್ಲಿ 21 ಹೋದರೆ ಸಂದೇಶದ ಶೇ 30ರಷ್ಟು ಮುಗಿದಂತೆ, 160ರಲ್ಲಿ 25 ಹೋದರೆ ಶೇ 16 ಕೂಡ ಆಗುವುದಿಲ್ಲ. 70 ದಾಟಿದರೆ ಎರಡು ಸಂದೇಶದ ದುಡ್ಡು, ಜೋಡಿಸುವ ಮಾಹಿತಿಗೂ ಜಾಗ ಬೇಕಾದ್ದರಿಂದ ಒಂದೊಂದು ತುಂಡಿನಲ್ಲಿ ಆಗ 67 ಮಾತ್ರ. ದೀಪಾವಳಿ, ಹೊಸ ವರ್ಷದ ದಿನಗಳಲ್ಲಿ ಉಚಿತ ಎಸ್ಸೆಮ್ಮೆಸ್ ಪ್ಯಾಕ್ ನಡೆಯುತ್ತಿರಲಿಲ್ಲ, ಒಂದೊಂದಕ್ಕೂ ಕಾಸು ಬೀಳುತ್ತಿತ್ತು. ಇದರ ಮೇಲೆ, ಅಂದಿನ ಅನೇಕ ಹ್ಯಾಂಡ್‌ಸೆಟ್‌ಗಳಲ್ಲಿ ಕನ್ನಡ ಅಕ್ಷರ ಬರೀ ಚೌಕಳಿಗಳಾಗಿ ಕಾಣುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವ ಅಭ್ಯಾಸ ಈ ಲೆಕ್ಕದಿಂದಲೇ ಬೇರುಬಿಟ್ಟಿತು. ಲಿಪಿ ರೋಮನ್ ಆದ ಮೇಲೆ ಎಲ್‌ಓಎಲ್ ಒಳಗೆ ಬರಲು ಬಾಗಿಲು ತೆರೆದೇ ಇತ್ತು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು, ಅಕ್ಷರ ಎಣಿಸುವ ಕಾಟ ತಪ್ಪಿತು. ಉಳಿತಾಯವೇ ಕಾರಣವಾಗಿದ್ದರೆ ಸಂಕ್ಷೇಪಗಳು ಅಲ್ಲಿಗೆ ಸಾಯಬೇಕಿತ್ತು. ‘ಯು’ ಬದಲು ಒಂಟಿ ಅಕ್ಷರ, ‘ಗ್ರೇಟ್’ ಬದಲು ಅಂಕಿ ಬೆರೆಸಿದ ರೂಪ, ಇಂಥವು ಬಹುಮಟ್ಟಿಗೆ ಹಳತಾದವು ನಿಜ. ಭಾವನೆಯ ಸಂಕ್ಷೇಪಗಳು ಮಾತ್ರ ಉಳಿದವು, ಹೊಸವೂ ಹುಟ್ಟಿದವು. ಅವುಗಳ ಕೆಲಸ ಜಾಗ ಉಳಿಸುವುದಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಪ್ರಮಾಣದ ಬಗ್ಗೆಯೂ ನಮ್ಮ ಕಲ್ಪನೆ ಉತ್ಪ್ರೇಕ್ಷಿತ. ಕೆನಡಾದ ಟೊರಾಂಟೊದ ಹದಿಹರೆಯದವರ ಚಾಟ್‌ಗಳನ್ನು ಕಲೆಹಾಕಿ ಭಾಷಾವಿಜ್ಞಾನಿಗಳಾದ ಟ್ಯಾಗ್ಲಿಯಾಮಾಂಟೆ ಮತ್ತು ಡೆನಿಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಸಂಕ್ಷೇಪಗಳ ಪಾಲು ಒಟ್ಟು ಪದಗಳಲ್ಲಿ ಶೇ 3ಕ್ಕೂ ಕಡಿಮೆ ಇತ್ತು. 2015ರಲ್ಲಿ ಫೇಸ್‌ಬುಕ್ ತನ್ನ ಬಳಕೆದಾರರ ನಗುವನ್ನು ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ‘ಹಹ’ ಗುಂಪಿನವರು, ಮೂರರಲ್ಲೊಂದು ಪಾಲು ಎಮೋಜಿಯವರು. ಎಲ್‌ಓಎಲ್ ಬರೆದು ನಕ್ಕವರು ಶೇ 2ರಷ್ಟೂ ಇರಲಿಲ್ಲ. ನಗಬೇಕೆನಿಸಿದಾಗ ಜನ ಹಹ ಎಂದೇ ನಗುತ್ತಾರೆ. ಎಲ್‌ಓಎಲ್ ಬೇಕಾಗುವುದು ಬೇರೆ ಕೆಲಸಕ್ಕೆ.

ಕನ್ನಡದಲ್ಲಿ ಯಾಕೆ ಹುಟ್ಟಲಿಲ್ಲ

‘ಐ ಡೋಂಟ್ ನೋ’ ಎಂಬುದು ಮೂರು ಪದ. ಮೊದಲಕ್ಷರ ಹೆಕ್ಕಿದರೆ ಐಡಿಕೆ. ಕನ್ನಡದಲ್ಲಿ ಅದು ‘ಗೊತ್ತಿಲ್ಲ’, ಒಂದೇ ಪದ. ಮೊದಲಕ್ಷರ ತೆಗೆದರೆ ಕೈಯಲ್ಲಿ ಉಳಿಯುವುದು ‘ಗೊ’ ಅಷ್ಟೇ. ಇಂಗ್ಲಿಷಿನ ಭಾವನೆಗಳು ಮೂರು ನಾಲ್ಕು ಪುಟ್ಟ ಪದಗಳ ಸಾಲಿನಲ್ಲಿ ಬಿಡಿಬಿಡಿಯಾಗಿ ಕೂತಿರುತ್ತವೆ. ನಮ್ಮವು ಒಂದೇ ಕ್ರಿಯಾಪದದ ಬಾಲದಲ್ಲಿ ಅಂಟಿಕೊಂಡಿರುತ್ತವೆ. ಉದ್ಗಾರಗಳಂತೂ ಮೊದಲೇ ಒಂದೆರಡು ಅಕ್ಷರದವು: ಅಯ್ಯೋ, ಛೇ, ಥೂ, ಅಬ್ಬಾ, ಯಪ್ಪಾ. ಅವನ್ನು ಇನ್ನೆಷ್ಟು ಚಿಕ್ಕದು ಮಾಡುವುದು?

ಹಾಗೆಂದು ಕನ್ನಡಕ್ಕೆ ಸಂಕ್ಷೇಪ ಒಗ್ಗುವುದಿಲ್ಲ ಎಂದಲ್ಲ. ಕಸಾಪ, ಕರವೇ ಇವೆ. ಹಳೆಯ ಕಾಗದಗಳಲ್ಲಿ ತೀರ್ಥರೂಪರಿಗೆ ‘ತೀ. ರೂ.’, ತೀರಿಕೊಂಡವರಿಗೆ ‘ದಿ.’ ಇತ್ತು, ಮದುವೆ ಕರೆಯೋಲೆಯಲ್ಲಿ ವರನಿಗೆ ‘ಚಿ. ರಾ.’, ವಧುವಿಗೆ ‘ಚಿ. ಕುಂ. ಸೌ.’ ಇಂದಿಗೂ ಅಚ್ಚಾಗುತ್ತದೆ. ‘ಚಿ.’ ನೋಡಿದವರು ಯಾರೂ ಈತ ಬಹುಕಾಲ ಬದುಕಲಿ ಎಂದು ಅರ್ಥ ಬಿಡಿಸಿಕೊಳ್ಳುವುದಿಲ್ಲ, ಎಲ್‌ಓಎಲ್ ನೋಡಿ ಯಾರೂ ನಗು ಕೇಳಿಸಿಕೊಳ್ಳದ ಹಾಗೆ. ಅಕ್ಕರೆ, ಗೌರವ, ಕಿರಿಯರು ಎಂಬ ಭಾವ ಮಾತ್ರ ದಾಟುತ್ತದೆ. ವ್ಯತ್ಯಾಸ ಇಷ್ಟು: ನಮ್ಮ ಸಂಕ್ಷೇಪಗಳು ಎದುರಿನವರ ಹೆಸರಿಗೆ ಅಂಟಿದವು, ಬರೆಯುವವರ ಮನಸ್ಸಿನ ಸ್ಥಿತಿಗಲ್ಲ.

ಮನಸ್ಸಿನ ಸ್ಥಿತಿಗೆ ಬೇರೆ ವ್ಯವಸ್ಥೆ ಇತ್ತು. ‘ಬಂದ’ ಎಂಬುದನ್ನು ತೆಗೆದುಕೊಳ್ಳಿ. ‘ಬಂದ ಕಣೋ’ ಅಂದರೆ ಆಪ್ತವಾಗಿ ಸುದ್ದಿ ಮುಟ್ಟಿಸಿದಂತೆ. ‘ಬಂದನಂತೆ’ ಅಂದರೆ ನನಗೆ ಖಾತ್ರಿ ಇಲ್ಲ, ಕೆಲವೊಮ್ಮೆ ನಂಬಿಕೆಯೂ ಇಲ್ಲ. ‘ಬಂದೇಬಿಟ್ಟ’ದಲ್ಲಿ ಅಚ್ಚರಿ. ‘ಬಂದ್ನಪ್ಪಾ ಮತ್ತೆ’ ಅಂದರೆ ತಲೆ ಚಚ್ಚಿಕೊಂಡಂತೆ. ಇಂಗ್ಲಿಷಿನವರು ಎಸ್‌ಎಂಎಚ್ ಹಾಕುವುದು ಕರಾರುವಾಕ್ಕಾಗಿ ಇಲ್ಲೇ. ‘ಬಂದ್ರೆ ಬರ್ಲಿ ಬಿಡು’ ಅಂದರೆ ಉದಾಸೀನ. ಇಂಗ್ಲಿಷಿನಲ್ಲಿ ‘ಹಿ ಕೇಮ್’ ಎಂದು ಬರೆದರೆ ಈ ಐದೂ ದನಿಗಳು ಅದರಲ್ಲಿ ಸತ್ತಿರುತ್ತವೆ. ಬಾಯಲ್ಲಿ ಹೇಳುವಾಗ ಸ್ವರದ ಏರಿಳಿತ ಅದನ್ನು ತುಂಬಿಕೊಡುತ್ತದೆ, ಬರಹದಲ್ಲಿ ಆ ಸೌಲಭ್ಯವಿಲ್ಲ. ಆ ಖಾಲಿ ಜಾಗಕ್ಕೆಂದೇ ಇಂಗ್ಲಿಷ್ ಚಾಟ್ ಮೊದಲಕ್ಷರಗಳನ್ನು ಸಾಕಿಕೊಂಡಿತು.

ಹಾಗಾದರೆ ‘ಕಣೋ’ ಇರುವಾಗ ಎಲ್‌ಓಎಲ್ ನಮಗೇಕೆ ಬೇಕಾಯಿತು? ಏಕೆಂದರೆ ‘ಕಣೋ’ ಎಂದು ಬರೆಯಬೇಕಾದರೆ ಎದುರಿಗಿರುವವರು ಯಾರು ಎಂದು ತೀರ್ಮಾನಿಸಬೇಕು. ಗೆಳೆಯನಿಗೆ ಕಣೋ, ಗೆಳತಿಗೆ ಕಣೇ, ಹಿರಿಯರಿಗೆ ಕಣ್ರೀ. ಕಲಬುರಗಿ ಕಡೆ ನೋಡ್ರಿ, ಕುಂದಾಪುರದ ಕಡೆ ಮಾರಾಯ್ರೆ. ಲಿಂಗ, ವಯಸ್ಸು, ಸಲಿಗೆ, ಊರು ನಾಲ್ಕೂ ಆ ಒಂದೇ ಪ್ರತ್ಯಯದಲ್ಲಿ ಬಯಲಾಗುತ್ತವೆ. ಅಪಾರ್ಟ್‌ಮೆಂಟಿನ ಇನ್ನೂರು ಜನರ ಗುಂಪಿನಲ್ಲಿ ಅಥವಾ ಮೂರು ದಿನದ ಹಿಂದೆ ಸೇರಿದ ಕಚೇರಿಯ ಗುಂಪಿನಲ್ಲಿ ಯಾರಿಗೆ ಏಕವಚನ, ಯಾರಿಗೆ ಬಹುವಚನ? ತಪ್ಪಿದರೆ ಒಂದೋ ಉದ್ಧಟತನ, ಇಲ್ಲವೇ ಅತಿವಿನಯ. ಎಲ್‌ಓಎಲ್‌ಗೆ ಈ ತಂಟೆಯಿಲ್ಲ. ಅದನ್ನು ಬಾಸ್‌ಗೂ ಕಳಿಸಬಹುದು, ಭಾವಮೈದುನನಿಗೂ ಕಳಿಸಬಹುದು, ಮಂಡ್ಯದವರು ಧಾರವಾಡದವರಿಗೂ ಕಳಿಸಬಹುದು. ಕನ್ನಡ ಮಾತಿನಲ್ಲಿ ತಪ್ಪಿಸಿಕೊಳ್ಳಲಾಗದ ನೀನು–ನೀವು ಆಯ್ಕೆಯನ್ನು ಅದು ಸಲೀಸಾಗಿ ದಾಟಿಸಿಬಿಡುತ್ತದೆ. ಆತ್ಮೀಯರ ಖಾಸಗಿ ಚಾಟ್‌ನಲ್ಲಿ ‘ಕಣೋ’, ‘ಮಗಾ’, ‘ಗುರೂ’ ಹೆಚ್ಚು, ಅಪರಿಚಿತರಿರುವ ಗುಂಪಿನಲ್ಲಿ ಮೊದಲಕ್ಷರ ಮತ್ತು ಎಮೋಜಿ ಹೆಚ್ಚು. ನಿಮ್ಮ ಫೋನಿನಲ್ಲೇ ಎರಡು ಚಾಟ್ ಅಕ್ಕಪಕ್ಕ ಇಟ್ಟು ನೋಡಿದರೆ ಇದು ಕಾಣುತ್ತದೆ.

(ಕನ್ನಡ ಕೀಲಿಮಣೆಯಲ್ಲಿ ಎಲ್‌ಓಎಲ್ ಬರೆಯಹೊರಟವರು ‘ಲೋಲ್’ ಎಂದು ಬರೆಯುವುದುಂಟು. ಕೊನೆಯ ಅಕ್ಷರ ಬಿಟ್ಟುಹೋದರೆ ‘ಲೋ’ ಆಗುತ್ತದೆ. ಅದನ್ನು ಮ್ಯಾನೇಜರಿಗೆ ಕಳಿಸಿದವರ ಪಾಡು ಓದುಗರ ಊಹೆಗೆ.)

ಎಳೆಯಲಾಗದ ದೀರ್ಘ

ಲಿಪಿಯ ಒಳಗಿನ ಒಂದು ತೊಡಕೂ ಜನರನ್ನು ರೋಮನ್ ಕಡೆಗೆ ತಳ್ಳುತ್ತದೆ. ಇಂಗ್ಲಿಷಿನಲ್ಲಿ ‘ಸೋ’ ಎಂಬುದಕ್ಕೆ ಓ ಅಕ್ಷರವನ್ನು ಹತ್ತು ಸಲ ಒತ್ತಿದರೆ ಭಾವ ಹತ್ತು ಪಟ್ಟು. ಕನ್ನಡದಲ್ಲಿ ‘ತುಂಬಾ’ ಎಳೆಯಲು ದೀರ್ಘದ ಚಿಹ್ನೆಯನ್ನೇ ಮತ್ತೆ ಮತ್ತೆ ಒತ್ತಿ ನೋಡಿ: ‘ತುಂಬಾಾಾ’. ಕೆಲವು ಫೋನುಗಳಲ್ಲಿ ಚುಕ್ಕೆ ಚುಕ್ಕೆಯ ಒಂದು ವೃತ್ತ ಮೂಡಿ ಅದರ ಪಕ್ಕ ಚಿಹ್ನೆ ಅನಾಥವಾಗಿ ನಿಲ್ಲುತ್ತದೆ. ಪಠ್ಯವನ್ನು ಪರದೆಯ ಮೇಲೆ ಜೋಡಿಸುವ ಕೆಲವು ತಂತ್ರಾಂಶಗಳು ಒಂದು ವ್ಯಂಜನಕ್ಕೆ ಒಂದೇ ಸ್ವರಚಿಹ್ನೆ ಎಂಬ ನಿಯಮ ಪಾಲಿಸುತ್ತವೆ. ಎರಡನೆಯದಕ್ಕೆ ಆಸರೆಯ ವ್ಯಂಜನ ಸಿಗದಿದ್ದಾಗ ಅವು ಆ ವೃತ್ತವನ್ನು ತಂದು ಕೂರಿಸುತ್ತವೆ. ಉಪಾಯವೆಂದರೆ ಚಿಹ್ನೆಯ ಬದಲು ಬಿಡಿ ಸ್ವರವನ್ನು ಸೇರಿಸುವುದು: ‘ತುಂಬಾಆಆಆ’, ‘ಹೌದಾಆಆ’, ‘ಬಾರೋಓಓ’. ಇದು ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುತ್ತದೆ.

ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು ಎಂದು ಶಾಲೆಯಲ್ಲಿ ಎಲ್ಲರೂ ಉರುಹೊಡೆದಿರುತ್ತೇವೆ. ದೂರದವರನ್ನು ಕರೆಯುವಾಗ, ಹಾಡುವಾಗ, ಅಳುವಾಗ ಬರುವ ಎಳೆತವೇ ಪ್ಲುತ, ಅಂದರೆ ಭಾವನೆ ಉಕ್ಕುವ ಜಾಗಗಳು. ವ್ಯಾಕರಣ ಗುರುತಿಸಿದ ಈ ಎಳೆತಕ್ಕೆ ಕೀಲಿಮಣೆಯಲ್ಲಿ ಜಾಗ ಕೊಟ್ಟಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೂ ನಮ್ಮ ಲಿಪಿಯಲ್ಲಿಲ್ಲ. ರೋಮನ್‌ನಲ್ಲಿ ಎಲ್ಲ ದೊಡ್ಡಕ್ಷರದ ಎಲ್‌ಓಎಲ್ ನಿಜವಾದ ನಗುವಿಗೆ ಹತ್ತಿರ, ಎಲ್ಲ ಚಿಕ್ಕಕ್ಷರದ್ದು ಬರೀ ಮೆದುಗೊಳಿಸುವಿಕೆ, ಮೊದಲಕ್ಷರ ಮಾತ್ರ ದೊಡ್ಡದಿದ್ದರೆ ಫೋನೇ ಮಾಡಿದ ತಿದ್ದುಪಡಿ. ಕನ್ನಡ ಲಿಪಿಯಲ್ಲಿ ಕಿರುಚಬೇಕೆಂದರೆ ಆಶ್ಚರ್ಯಚಿಹ್ನೆ ಬಿಟ್ಟರೆ ಗತಿಯಿಲ್ಲ. ಪ್ರತ್ಯಯಗಳಲ್ಲಿ ಶ್ರೀಮಂತ, ಅಕ್ಷರದ ಆಟದಲ್ಲಿ ಬಡವ. ಆದ್ದರಿಂದ ಭಾಷೆ ಕನ್ನಡ, ಲಿಪಿ ರೋಮನ್ ಎಂಬ ಒಪ್ಪಂದಕ್ಕೆ ಜನ ಬಂದುಬಿಟ್ಟಿದ್ದಾರೆ.

ಇದರಲ್ಲಿ ನಾವು ಒಂಟಿಯಲ್ಲ, ಆದರೆ ಬೇರೆಯವರು ತಮ್ಮದೇ ಸಂಕೇತ ಕಟ್ಟಿಕೊಂಡರು. ಥಾಯ್ ಭಾಷೆಯಲ್ಲಿ 5 ಎಂಬ ಅಂಕಿಯ ಉಚ್ಚಾರ ‘ಹಾ’. ಅಲ್ಲಿನವರು 555 ಎಂದು ನಗುತ್ತಾರೆ. ಚೀನೀಯರಿಗೆ 520ರ ಉಚ್ಚಾರ ನಿನ್ನನ್ನು ಪ್ರೀತಿಸುತ್ತೇನೆ ಎಂಬುದಕ್ಕೆ ಹತ್ತಿರ, ಹಾಗಾಗಿ ಮೇ 20 ಅಲ್ಲಿ ಪ್ರೇಮಿಗಳ ದಿನವೇ ಆಗಿದೆ. ಜಪಾನಿನಲ್ಲಿ ನಗು ಎಂಬ ಪದದ ಮೊದಲಕ್ಷರವಾದ ಡಬ್ಲ್ಯುವನ್ನು ಸಾಲಾಗಿ ಬರೆದು, ಅದು ಹುಲ್ಲಿನ ಹಾಗೆ ಕಾಣುತ್ತದೆಂದು ಕೊನೆಗೆ ‘ಹುಲ್ಲು’ ಎಂಬ ಪದವನ್ನೇ ನಗುವಿಗೆ ಬಳಸತೊಡಗಿದರು. ಫ್ರೆಂಚರಿಗೆ ‘ನಕ್ಕು ಸಾಯುತ್ತಿದ್ದೇನೆ’ ಎಂಬರ್ಥದ ಎಂಡಿಆರ್ ಇದೆ.

ಎಲ್ಲೆಲ್ಲಿ ಕೈಕೊಡುತ್ತದೆ

ಎಲ್ಲರಿಗೂ ಸಲ್ಲುವ ಗುರುತಿನ ತೊಂದರೆಯೆಂದರೆ, ಅದು ಯಾರ ಕಡೆಗೂ ವಾಲುವುದಿಲ್ಲ. ‘ಗೊತ್ತಿಲ್ಲ ಸರ್’ ಎಂದರೆ ಅಜ್ಞಾನದ ಜೊತೆ ಗೌರವವೂ ತಲುಪುತ್ತದೆ. ಐಡಿಕೆ ಎಂದರೆ ‘ನನಗೇನು?’ ಎಂದಂತೆ ಕೇಳಿಸುತ್ತದೆ. ಕೇಳುವವರು ಹಿರಿಯರಾದಷ್ಟೂ ಆ ಶೀತ ಹೆಚ್ಚು. ಟಿಬಿಎಚ್ ಮತ್ತು ಎನ್‌ಜಿಎಲ್ ಎರಡೂ ನಿಜ ಹೇಳುವ ಮುನ್ನುಡಿಗಳು, ಆದರೆ ಅವುಗಳ ಹಿಂದೆ ಹೊಗಳಿಕೆ ಬಂದರೂ ‘ಇಷ್ಟು ದಿನ ಹೇಳಿದ್ದು ಸುಳ್ಳೇ?’ ಎಂಬ ಅನುಮಾನದ ಎಳೆ ಉಳಿಯುತ್ತದೆ. ‘ಥ್ಯಾಂಕ್ಸ್’ ಎಂದಷ್ಟೇ ಬರೆದದ್ದಕ್ಕಿಂತ ಟಿವೈಎಸ್‌ಎಂ (ಥ್ಯಾಂಕ್ ಯು ಸೋ ಮಚ್) ಹೆಚ್ಚು ಬೆಚ್ಚಗೆ ಎಂಬುದು ಇಪ್ಪತ್ತರ ಹರೆಯದವರ ಲೆಕ್ಕ, ಐವತ್ತರ ಮೇಲಿನವರಿಗೆ ಅದು ವಾಹನದ ನೋಂದಣಿ ಸಂಖ್ಯೆ. ಐಎಲ್‌ವೈ ಕೂಡ ಹಾಗೆಯೇ: ಪೂರ್ತಿ ಬರೆದ ‘ಐ ಲವ್ ಯು’ ಮಾತು ಕೊಟ್ಟಂತೆ, ಮೂರಕ್ಷರದ್ದು ಫೋನ್ ಇಡುವ ಮೊದಲಿನ ವಾಡಿಕೆ. ಒಬ್ಬರು ಪೂರ್ತಿ ಬರೆದಾಗ ಇನ್ನೊಬ್ಬರು ಮೂರಕ್ಷರದಲ್ಲಿ ಉತ್ತರಿಸಿದರೆ ಜಗಳಕ್ಕೆ ಅಷ್ಟು ಸಾಕು.

ಒಂದೇ ಅಕ್ಷರಕ್ಕೆ ಎರಡು ಅರ್ಥ ಇರುವುದು ಇನ್ನೊಂದು ಗುಂಡಿ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರನ್ ಎಲ್‌ಓಎಲ್ ಎಂದರೆ ‘ಲಾಟ್ಸ್ ಆಫ್ ಲವ್’ ಎಂದು ತಿಳಿದು ಸಂದೇಶಗಳ ಕೊನೆಗೆ ಸಹಿಯಂತೆ ಹಾಕುತ್ತಿದ್ದ ಸಂಗತಿ 2012ರಲ್ಲಿ, ಅಲ್ಲಿನ ಪತ್ರಿಕೆಗಳ ನಡವಳಿಕೆ ಕುರಿತ ಲೆವೆಸನ್ ವಿಚಾರಣೆಯ ಸಾಕ್ಷ್ಯದಲ್ಲಿ ಹೊರಬಿತ್ತು. ಬೆಂಗಳೂರಿನ ಕಚೇರಿಗಳಲ್ಲಿ ಇದಕ್ಕಿಂತ ಬಿಸಿಯಾದ ಉದಾಹರಣೆಯಿದೆ. ಅಮೆರಿಕದ ಸಹೋದ್ಯೋಗಿಗಳು ‘ಬಿಕಾಸ್’ ಎಂಬುದಕ್ಕೆ ಬಿ.ಸಿ. ಎಂದು ಎರಡಕ್ಷರ ಹಾಕುತ್ತಾರೆ. ಉತ್ತರ ಭಾರತದವರಿಗೆ ಅದೇ ಎರಡಕ್ಷರ ತಂಗಿಯನ್ನು ಎಳೆದುತರುವ ಹಿಂದಿ ಬೈಗುಳ. ನಮ್ಮ ಸರ್ಕಾರಿ ಕಡತದಲ್ಲಿ ಅದು ಹಿಂದುಳಿದ ವರ್ಗ. ಡಬ್ಲ್ಯುಟಿಎಫ್, ಎಲ್‌ಎಂಎಓ, ಎಫ್‌ಎಂಎಲ್ ಇವುಗಳ ಹೊಟ್ಟೆಯಲ್ಲಿ ನಿಜಕ್ಕೂ ಅಶ್ಲೀಲ ಪದಗಳಿವೆ. ಮೊದಲಕ್ಷರವಷ್ಟೇ ಗೊತ್ತಿದ್ದು ಒಳಗಿನ ಪದ ಗೊತ್ತಿಲ್ಲದವರು ಇವನ್ನು ಗ್ರಾಹಕರಿಗೂ ಪ್ರಾಂಶುಪಾಲರಿಗೂ ಕಳಿಸಿಬಿಡುತ್ತಾರೆ. ಬಿಡಿಸಿ ಜೋರಾಗಿ ಓದಲು ಸಂಕೋಚವಾಗುವುದನ್ನು ಕೆಲಸದ ಗುಂಪಿಗೆ ಹಾಕಬಾರದು, ಇದಕ್ಕೆ ಬೇರೆ ಸೂತ್ರ ಬೇಡ.

ಸಾವಿನ ಸುದ್ದಿಯಲ್ಲಿ ಆಗುವ ನೋವು ಇವೆಲ್ಲಕ್ಕಿಂತ ಹೆಚ್ಚು. ಊರಿನ ಗುಂಪಿನಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದ ಕೂಡಲೇ ಆರ್‌ಐಪಿ, ಆರ್‌ಐಪಿ, ಆರ್‌ಐಪಿ ಎಂದು ಮೂವತ್ತು ಸಾಲು ಇಳಿಯುತ್ತದೆ. ಅದೇ ಹುಡುಗರು ಅದೇ ದಿನ ಅದೇ ಮೂರಕ್ಷರವನ್ನು ಪರೀಕ್ಷೆಗೂ ಹಚ್ಚಿ ‘ನನ್ನ ಇಂಟರ್ನಲ್ಸ್ ರಿಪ್’ ಎಂದೂ ಬರೆದಿರುತ್ತಾರೆ. ತಮಾಷೆಗೂ ಸಾವಿಗೂ ಒಂದೇ ಗುರುತು ಸಲ್ಲುತ್ತಿರುವುದರಿಂದ ಮನೆಯವರಿಗೆ ಅದು ಸಹಿ ಹಾಕಿ ಹೋದಂತೆ ಕಾಣುತ್ತದೆ. ‘ಓಂ ಶಾಂತಿ’ ಕೂಡ ಸಿದ್ಧ ಪದವೇ, ಆದರೆ ಅದನ್ನು ಯಾರೂ ಪರೀಕ್ಷೆಯ ಅಂಕಕ್ಕೆ ಬಳಸುವುದಿಲ್ಲ. ಇನ್ನು ನಕ್ಕು ಕಣ್ಣೀರು ಸುರಿಸುವ ಎಮೋಜಿಯನ್ನು ಅಳುಮುಖ ಎಂದು ತಿಳಿದು ಇಂಥ ಸುದ್ದಿಯ ಕೆಳಗೆ ಒತ್ತುವ ಹಿರಿಯರು ಪ್ರತಿ ಕುಟುಂಬದ ಗುಂಪಿನಲ್ಲೂ ಇದ್ದಾರೆ. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಎಂದು ಆರಿಸಿದ್ದು ಅದೇ ಮುಖವನ್ನು. ಹುಬ್ಬಿನ ಬಾಗು ಮತ್ತು ಹಲ್ಲಿನ ಸಾಲು ಬಿಟ್ಟರೆ, ಚಿಕ್ಕ ಪರದೆಯಲ್ಲಿ ಅದಕ್ಕೂ ಅಳುಮುಖಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅಕ್ಷರದ ಗಾತ್ರವನ್ನು ಸೆಟ್ಟಿಂಗ್ಸಿನಲ್ಲಿ ದೊಡ್ಡದು ಮಾಡಿಕೊಟ್ಟರೆ ಈ ತಪ್ಪು ಸ್ವಲ್ಪ ಕಡಿಮೆಯಾಗಬಹುದು. ಯುವಕರು ತಾವು ನಕ್ಕಾಗ ತಲೆಬುರುಡೆ ಹಾಕುವ ರೂಢಿ ಬಂದಮೇಲೆ ಗೊಂದಲ ಎರಡೂ ಕಡೆಯಿಂದ ಬೆಳೆದಿದೆ.

‘ಕೆ’ ಎಂಬ ಒಂಟಿ ಅಕ್ಷರ, ‘ಹ್ಮ್ಮ್’, ‘ಸರಿ.’ ಎಂಬ ಚುಕ್ಕೆಯ ಉತ್ತರ ಇವು ಭಾವ ಮುಚ್ಚಿಟ್ಟು ಭಾವ ತೋರಿಸುವ ಜಾತಿಯವು. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದಲ್ಲಿ 126 ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಪೂರ್ಣವಿರಾಮದಿಂದ ಮುಗಿದ ಒಂದು ಪದದ ಉತ್ತರ ಅದಿಲ್ಲದ ಉತ್ತರಕ್ಕಿಂತ ಕಡಿಮೆ ಪ್ರಾಮಾಣಿಕ ಎಂದು ಅವರಿಗೆ ತೋರಿತು. ಕೈಬರಹದ ಚೀಟಿಯಲ್ಲಿ ಅದೇ ಚುಕ್ಕೆಗೆ ಆ ದೋಷ ತಟ್ಟಲಿಲ್ಲ. ಚಾಟ್‌ನಲ್ಲಿ ಸಂದೇಶದ ಗುಳ್ಳೆಯೇ ವಾಕ್ಯ ಮುಗಿಸುತ್ತದೆ, ಅದರ ಮೇಲೆ ಚುಕ್ಕೆಯನ್ನೂ ಇಟ್ಟರೆ ಬಾಗಿಲು ಮುಚ್ಚಿದ ಹಾಗೆ. ‘ಆಯ್ತು.’ ಮತ್ತು ‘ಆಯ್ತಾಯ್ತು’ ಎರಡನ್ನೂ ಓದಿಕೊಳ್ಳಿ. ನಮ್ಮಲ್ಲಿ ಪದವನ್ನು ಎರಡು ಸಲ ಹೇಳಿದರೆ ಸಮ್ಮತಿ ಬೆಚ್ಚಗಾಗುತ್ತದೆ. ಸ್ವಲ್ಪ ಅವಸರವೂ ಇಣುಕುತ್ತದೆ.

ಒಪ್ಪಿಗೆಯೋ, ಬರೀ ‘ನೋಡಿದೆ’ ಎಂಬುದೋ ಎಂಬ ಗೊಂದಲ ನ್ಯಾಯಾಲಯದವರೆಗೂ ಹೋಗಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಅಗಸೆ ಕೊಳ್ಳುವವರು ಒಪ್ಪಂದದ ಚಿತ್ರ ಕಳಿಸಿ ಖಚಿತಪಡಿಸಿ ಎಂದಾಗ ರೈತರೊಬ್ಬರು ಹೆಬ್ಬೆರಳಿನ ಎಮೋಜಿ ಕಳಿಸಿದರು, ಆದರೆ ಮಾಲು ಕೊಡಲಿಲ್ಲ. ಒಪ್ಪಂದ ತಲುಪಿತು ಎಂದಷ್ಟೇ ತಮ್ಮ ಅರ್ಥ ಎಂಬ ಅವರ ವಾದ 2023ರಲ್ಲಿ ಬಿದ್ದುಹೋಗಿ, ಸುಮಾರು 82,000 ಕೆನಡಿಯನ್ ಡಾಲರ್ ಕೊಡಬೇಕಾಯಿತು. ತೀರ್ಪಿನ ಆಧಾರ ಎಮೋಜಿಯೊಂದೇ ಆಗಿರಲಿಲ್ಲ. ಹಿಂದಿನ ಒಪ್ಪಂದಗಳಿಗೆ ಅವರು ‘ಓಕೆ’, ‘ಯಪ್’ ಎಂದಷ್ಟೇ ಉತ್ತರಿಸಿ ಮಾಲು ಕೊಟ್ಟಿದ್ದರು, ಅದೇ ಮುಳುವಾಯಿತು. ಇತ್ತ ಮದ್ರಾಸ್ ಹೈಕೋರ್ಟ್ 2024ರಲ್ಲಿ ಉಲ್ಟಾ ದಿಕ್ಕಿನ ನಿಲುವು ತಳೆಯಿತು. ಅಧಿಕಾರಿಯೊಬ್ಬರ ಕೊಲೆಯ ಕುರಿತ ವಾಟ್ಸಾಪ್ ಸಂದೇಶಕ್ಕೆ ಹೆಬ್ಬೆರಳು ಹಾಕಿದ್ದಕ್ಕೆ ಕೆಲಸ ಕಳೆದುಕೊಂಡಿದ್ದ ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್, ಸಂದೇಶ ನೋಡಿದ್ದೇನೆ ಎಂಬ ಅರ್ಥದಲ್ಲೂ ಅದನ್ನು ಹಾಕಿರಬಹುದು, ಅದು ಕೊಲೆಯ ಸಂಭ್ರಮವಾಗದು ಎಂದು ನ್ಯಾಯಾಲಯ ಒಪ್ಪಿ ಮರುನೇಮಕದ ಆದೇಶವನ್ನು ಎತ್ತಿಹಿಡಿಯಿತು. ಎರಡನ್ನೂ ಜೊತೆಗಿಟ್ಟರೆ ವ್ಯವಹಾರಸ್ಥರಿಗೆ ಪಾಠ ಸರಳ: ದರ, ಪ್ರಮಾಣ, ದಿನಾಂಕ ಇರುವ ಸಂದೇಶಕ್ಕೆ ‘ತಲುಪಿದೆ, ನೋಡಿ ಹೇಳುತ್ತೇನೆ’ ಅಥವಾ ‘ಈ ದರಕ್ಕೆ ಒಪ್ಪಿದ್ದೇನೆ’ ಎಂದು ಪದಗಳಲ್ಲೇ ಬರೆಯಬೇಕು.

ಓದುವ ಕ್ರಮ

ಗೊತ್ತಿಲ್ಲದ ಸಂಕ್ಷೇಪ ಬಂದಾಗ ಅದರ ವಿಸ್ತೃತ ರೂಪ ಹುಡುಕುವುದಕ್ಕಿಂತ ಅದು ಕೂತ ಜಾಗ ನೋಡುವುದು ಲಾಭಕರ. ಸಂದೇಶದ ಆರಂಭದಲ್ಲಿದ್ದರೆ ಅದು ನಿಮ್ಮ ಮಾತಿಗೆ ಪ್ರತಿಕ್ರಿಯೆ. ಕೊನೆಯಲ್ಲಿದ್ದರೆ ಕಳಿಸಿದವರು ತಮ್ಮದೇ ಮಾತನ್ನು ಮೆತ್ತಗೆ ಮಾಡುತ್ತಿದ್ದಾರೆ, ಹಾಗಾಗಿ ವಿಷಯ ನಿಜಕ್ಕೂ ಗಂಭೀರವೇ ಇರಬಹುದು. ‘ಎರಡು ದಿನದಿಂದ ನಿದ್ದೆ ಇಲ್ಲ ಎಲ್‌ಓಎಲ್’ ಎಂದು ಮಗಳು ಬರೆದರೆ ತಾಯಿ ನಿರಾಳವಾಗಬೇಕಿಲ್ಲ, ಫೋನ್ ಮಾಡುವುದು ಒಳ್ಳೆಯದು. ಒಂಟಿಯಾಗಿ ಬಂದರೆ ಮಾತು ಮುಗಿಸುವ ಸೂಚನೆ, ಅದಕ್ಕೆ ಮತ್ತೆ ಪ್ರಶ್ನೆ ಹಾಕಿದರೆ ಕಿರಿಕಿರಿ.

ಕಳಿಸುವವರ ಕಡೆಯಿಂದ, ಸಂಕ್ಷೇಪ ತೆಗೆದರೂ ವಾಕ್ಯ ನಿಲ್ಲುತ್ತದೆಯೇ ಎಂದು ನೋಡಬೇಕು. ‘ನಿಮ್ಮ ವರದಿ ಇನ್ನೂ ಬಂದಿಲ್ಲ ಎಲ್‌ಓಎಲ್’ ಎಂಬುದರಲ್ಲಿ ಅದು ವ್ಯಂಗ್ಯವಾಗಿಯೇ ಬೀಳುತ್ತದೆ. ‘ವರದಿ ಇನ್ನೂ ಬಂದಿಲ್ವಲ್ಲ ಸರ್, ಸಂಜೆಯೊಳಗೆ ಆಗುತ್ತಾ?’ ಎಂದರೆ ಅಲ್ಲಿನ ‘ಅಲ್ಲ’ ಮತ್ತು ಪ್ರಶ್ನೆಯ ‘ಆ’ ಎರಡೂ ಸೇರಿ ಮೆತ್ತಗೆ ಮಾಡುವ ಕೆಲಸ ಮುಗಿಸಿರುತ್ತವೆ. ವ್ಯಂಗ್ಯ, ತಮಾಷೆ, ಗಂಭೀರ ಎಂದು ಗುರುತಿಸಲು ಇಂಗ್ಲಿಷ್ ಚಾಟ್‌ಗಳಲ್ಲಿ ಓರೆಗೆರೆಯ ಮುಂದೆ ಎಸ್, ಜೆ, ಎಸ್‌ಆರ್‌ಎಸ್ ಹಾಕುವ ಪದ್ಧತಿಯಿದೆ. ದನಿಯ ಸೂಕ್ಷ್ಮ ಹಿಡಿಯಲು ಕಷ್ಟಪಡುವ ಆಟಿಸಂ ಇರುವವರಿಗೆ ಅದು ನಿಜವಾದ ಉಪಕಾರ. ಕನ್ನಡದಲ್ಲಿ ‘ತಮಾಷೆಗೆ ಅಂದೆ’ ಎಂದು ಪಕ್ಕದಲ್ಲೇ ಬರೆದರೆ ಸಾಕು. ಹಾಸ್ಯ ಕೆಡುತ್ತದೆ ನಿಜ, ಜಗಳ ತಪ್ಪುತ್ತದೆ.

ದೃಷ್ಟಿದೋಷ ಇರುವವರ ಫೋನಿನಲ್ಲಿ ಪರದೆಯ ಮೇಲಿನದನ್ನು ಟಾಕ್‌ಬ್ಯಾಕ್, ವಾಯ್ಸ್‌ಓವರ್ ಎಂಬ ತಂತ್ರಾಂಶಗಳು ಓದಿ ಹೇಳುತ್ತವೆ. ಅವು ಪ್ರತಿ ಎಮೋಜಿಯ ಹೆಸರನ್ನೂ ಉಚ್ಚರಿಸುವುದರಿಂದ ಎಂಟು ನಗುಮುಖ ಸಾಲಾಗಿ ಹಾಕಿದರೆ ಕೇಳುವವರಿಗೆ ಅದು ಶಿಕ್ಷೆ. ಒಂದು ಸಾಕು, ಅದೂ ವಾಕ್ಯದ ಕೊನೆಗೆ. ರೋಮನ್ ಲಿಪಿಯ ಕನ್ನಡವನ್ನು ಅವು ಇಂಗ್ಲಿಷ್ ಎಂದು ತಿಳಿದು ವಿಚಿತ್ರವಾಗಿ ಓದುತ್ತವೆ. ಕನ್ನಡ ಲಿಪಿಯಲ್ಲಿ ಬರೆದು, ಕನ್ನಡದ ದನಿ ಆರಿಸಿಕೊಂಡಿದ್ದರೆ ‘ಹೌದಾಆಆ’ ಕೂಡ ಅರ್ಥವಾಗುವ ಹಾಗೆ ಕೇಳಿಸುತ್ತದೆ.

ಯಂತ್ರದ ಓದು ಇನ್ನೂ ಕಚ್ಚಾ. ಯೂಟ್ಯೂಬ್ ಪ್ರತಿಕ್ರಿಯೆಗಳಲ್ಲಿನ ಕನ್ನಡ–ಇಂಗ್ಲಿಷ್ ಬೆರಕೆ ಭಾಷೆಯಿಂದ ಭಾವ ಮತ್ತು ನಿಂದನೆ ಗುರುತಿಸಲು 2020ರಲ್ಲಿ ಸಂಶೋಧಕರು ಕ್ಯಾನ್‌ಸಿಎಂಡಿ ಎಂಬ ದತ್ತಾಂಶ ಸಿದ್ಧಪಡಿಸಿದರು. ಇಂಥ ಕೆಲಸದ ಕಷ್ಟ ಎಲ್ಲಿದೆ ಎಂಬುದು ಒಂದೆರಡು ಸಾಲಿನಲ್ಲೇ ಕಾಣುತ್ತದೆ. ‘ನಕ್ಕೂ ನಕ್ಕೂ ಸತ್ತೆ’ದಲ್ಲಿ ಸಾವಿದೆ, ದುಃಖವಿಲ್ಲ. ‘ಕೊಂದ್ಬಿಟ್ಟೆ ಗುರೂ’ ಎಂಬುದು ಬೆದರಿಕೆಯಲ್ಲ, ಹಾಡಿದವರಿಗೆ ಸಂದ ಹೊಗಳಿಕೆ. ‘ಏನ್ ನಟನೆ ಸ್ವಾಮೀ ಎಲ್‌ಓಎಲ್’ ಎಂಬಲ್ಲಿ ಹೊಗಳಿಕೆಯ ಪದಗಳೇ ಇದ್ದು ಭಾವ ತದ್ವಿರುದ್ಧ. ಪದಗಳನ್ನಷ್ಟೇ ತೂಗುವ ಯಂತ್ರ ಮೂರರಲ್ಲೂ ಎಡವುತ್ತದೆ. ಅದರ ಮೇಲೆ ಒಂದೇ ‘ಸೂಪರ್’ ಪದವನ್ನು ಜನ ರೋಮನ್‌ನಲ್ಲಿ ನಾಲ್ಕೈದು ಕಾಗುಣಿತದಲ್ಲಿ ಹೊಡೆಯುತ್ತಾರೆ, ‘ಕಣೋ’ವನ್ನು ಒಂದಕ್ಷರದ ಅಂತರದಲ್ಲಿ ‘ಕಣೆ’ ಮಾಡುತ್ತಾರೆ. ತರಬೇತಿಗೆ ಮೊದಲು ಪಠ್ಯ ಶುಚಿಗೊಳಿಸುವ ಹಂತದಲ್ಲಿ ಮರುಕಳಿಸಿದ ಅಕ್ಷರಗಳನ್ನೂ ಎಮೋಜಿಗಳನ್ನೂ ಕಸವೆಂದು ಕಿತ್ತುಹಾಕುವ ರೂಢಿಯಿದೆ. ಕನ್ನಡದ ಮಟ್ಟಿಗೆ ಅದನ್ನು ಬಿಡುವುದು ಲೇಸು, ಏಕೆಂದರೆ ಅಲ್ಲಿ ಕಿತ್ತುಹೋಗುವುದು ‘ಸೂಪರ್’ ಮತ್ತು ‘ಸೂಊಊಪರ್’ ನಡುವಿನ ವ್ಯತ್ಯಾಸ.